ನಾಲ್ಕು ವರ್ಷ ಬಳಸಿದ ಮೇಲೆ ನಮ್ಮ ಹಿತ್ತಲ ಗೋಬರ್ ಗ್ಯಾಸ್

ಗುಂಡಿಯಲ್ಲಿ ಸಗಣಿ ಕೊಳೆತು ಬರುವ ಗ್ಯಾಸಿನಲ್ಲೇ ನಮ್ಮ ಮನೆಯ ಅಡುಗೆ. ನಮ್ಮ ಮನೆಗೆ ಬಂದವರು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಕೇಳುವುದು ಒಂದೇ ಮಾತು. ‘ವಾಸನೆ ಬರಲ್ವಾ?’ ಇಲ್ಲ, ಬರಲ್ಲ. ಒಲೆ ಹತ್ತಿಸುವ ಮುಂಚೆ ತಿರುಪು ತಿರುಗಿಸಿದಾಗ ಕೊಳೆತ ಮೊಟ್ಟೆಯ ಹಾಗೆ ಒಂದು ಚೂರು ನಾತ ಬರುತ್ತದೆ. ಹತ್ತಿಕೊಂಡ ಮೇಲೆ ಅದೂ ಇರುವುದಿಲ್ಲ. ಆಮೇಲೆ ಕೇಳುವುದು, ‘ದಿನಕ್ಕೆ ಎಷ್ಟು ಹೊತ್ತು ಉರಿಯುತ್ತೆ?’ ಇದಕ್ಕೂ ಉತ್ತರ ಹೇಳುತ್ತೇನೆ. ಆದರೆ ಯಾರೂ ಕೇಳದ ಪ್ರಶ್ನೆ ಒಂದಿದೆ. ಗುಂಡಿ ಕಟ್ಟಿದ ಮೇಸ್ತ್ರಿ ಯಾರು? ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ.

ನಮ್ಮದು ಕುಣಿಗಲ್ ತಾಲ್ಲೂಕಿನ ಒಂದು ಸಣ್ಣ ಊರು. ಎರಡು ಸೀಮೆ ಹಸು, ಒಂದು ಕಡಸು, 110 ತೆಂಗಿನ ಮರ, ಒಂದೂವರೆ ಎಕರೆ ರಾಗಿ ಹೊಲ. ಮನೆಯಲ್ಲಿ ಐದು ಜನ. ಬೆಳಗ್ಗೆ ಸಾಯಂಕಾಲ ಡೈರಿಗೆ ಹಾಲು ಹಾಕುತ್ತೇವೆ. 2021ರ ಜನವರಿಯಲ್ಲಿ ರಾಗಿ ಒಕ್ಕಣೆ ಮುಗಿಸಿ, ಕೈಯಲ್ಲಿ ಸ್ವಲ್ಪ ದುಡ್ಡು ಇದ್ದಾಗ, ಕೊಟ್ಟಿಗೆಯ ಪಕ್ಕದಲ್ಲಿ ಗೋಬರ್ ಗ್ಯಾಸ್ ಕಟ್ಟಿಸಿದೆವು. ಎರಡು ಘನ ಮೀಟರಿನದ್ದು, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವಂಥದ್ದು, ದೀನಬಂಧು ಮಾದರಿ.

ಹಳೆಯ ಕಾಲದ ಗೋಬರ್ ಗ್ಯಾಸ್ ನೋಡಿದವರಿಗೆ ಗುಂಡಿಯ ಮೇಲೆ ತೇಲುವ ಕಬ್ಬಿಣದ ಡ್ರಮ್ಮು ನೆನಪಿರುತ್ತದೆ. ಅದು ಖಾದಿ ಗ್ರಾಮೋದ್ಯೋಗ ಆಯೋಗದವರ ಮಾದರಿ. ಗ್ಯಾಸ್ ತುಂಬಿದರೆ ಡ್ರಮ್ಮು ಮೇಲೆ ಏಳುತ್ತಿತ್ತು, ಉರಿಸಿದರೆ ಇಳಿಯುತ್ತಿತ್ತು. ಆದರೆ ತುಕ್ಕು ಹಿಡಿಯುತ್ತಿತ್ತು, ಬಣ್ಣ ಬಳಿಯುತ್ತಲೇ ಇರಬೇಕಿತ್ತು. ದೀನಬಂಧು 1984ರಲ್ಲಿ ಬಂದದ್ದು. ಇದರಲ್ಲಿ ಕಬ್ಬಿಣದ ಡ್ರಮ್ಮೇ ಇಲ್ಲ. ಎಲ್ಲವೂ ಇಟ್ಟಿಗೆ, ಸಿಮೆಂಟು. ನೆಲದೊಳಗೆ ಒಂದು ಗುಮ್ಮಟ ಕಟ್ಟಿ ಮೇಲೆ ಮಣ್ಣು ಮುಚ್ಚಿಬಿಡುತ್ತಾರೆ. ಒಂದು ಕಡೆ ಸಗಣಿ ಕಲಸುವ ತೊಟ್ಟಿ, ಇನ್ನೊಂದು ಕಡೆ ಬಗ್ಗಡ, ಅಂದರೆ ಕೊಳೆತ ಸಗಣಿ ನೀರು, ಹೊರಬರುವ ತೊಟ್ಟಿ. ಗುಮ್ಮಟದಲ್ಲಿ ಗ್ಯಾಸ್ ತುಂಬುತ್ತಾ ಹೋದಂತೆ ಅದು ಬಗ್ಗಡವನ್ನು ಹೊರಗಿನ ತೊಟ್ಟಿಗೆ ತಳ್ಳುತ್ತದೆ. ನಾವು ಒಲೆ ಹತ್ತಿಸಿದಾಗ ಆ ಬಗ್ಗಡ ವಾಪಸ್ ಒಳಗೆ ಇಳಿದು ಗ್ಯಾಸನ್ನು ಅಡುಗೆಮನೆಗೆ ನೂಕುತ್ತದೆ. ತಿರುಗುವ ಯಂತ್ರ ಇಲ್ಲ, ಕರೆಂಟು ಬೇಡ. ಕೆಡುವಂಥ ಸಾಮಾನೇ ಕಡಿಮೆ. ಆದರೆ ಆ ಗುಮ್ಮಟದಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಎಲ್ಲ ವ್ಯರ್ಥ. ನಮಗೆ ಆದದ್ದು ಅದೇ.

ಖರ್ಚು ಹೇಳಿಬಿಡುತ್ತೇನೆ. ಗುಂಡಿ ಅಗೆಸಲು 4,500. ಇಟ್ಟಿಗೆ, ಸಿಮೆಂಟು, ಮರಳು, ಜಲ್ಲಿ ಸೇರಿ 24,000. ಮೇಸ್ತ್ರಿ ಮತ್ತು ಆಳುಗಳ ಕೂಲಿ 12,000. ಪೈಪು, ವಾಲ್ವು, ಒಲೆ 6,500. ಒಟ್ಟು 47,000. ಸರ್ಕಾರದ ಸಹಾಯಧನ ಅಂತ 12,000 ಬಂತು, ಅದೂ ಎಂಟು ತಿಂಗಳು ಓಡಾಡಿದ ಮೇಲೆ. ಫೋಟೋ ಸರಿ ಇಲ್ಲ, ಪಹಣಿ ಹಳೇದು, ಹೀಗೆ ಒಂದೊಂದು ಸಲ ಒಂದೊಂದು ಕಾರಣ. ಪ್ರತಿ ಸಲ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೆಲಸ ಕೆಟ್ಟಿತು. ಆ ದುಡ್ಡನ್ನು ನಂಬಿ ಸಾಲ ಮಾಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಕೆಲಸ ಒಪ್ಪಿಸಿಕೊಂಡವರು ಹೊರಗಿನಿಂದ ಮೇಸ್ತ್ರಿ ಕರೆತಂದರು. ಕೈ ಚುರುಕಾಗಿತ್ತು. ಆರೇ ದಿನದಲ್ಲಿ ಗುಮ್ಮಟ ಎದ್ದು ನಿಂತಿತು. ನಮಗೂ ಖುಷಿ. ಒಳಗಿನ ಗಾರೆ ಒಂದೇ ದಿನದಲ್ಲಿ ಮುಗಿಸಿದರು, ಮಾರನೇ ದಿನವೇ ಮೇಲೆ ಮಣ್ಣು ತುಂಬಿದರು. ಗ್ಯಾಸ್ ನಿಲ್ಲುತ್ತದೋ ಇಲ್ಲವೋ ಅಂತ ಯಾರೂ ಪರೀಕ್ಷೆ ಮಾಡಲಿಲ್ಲ. ಮಾಡಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಮೊದಲ ಸಲ ತುಂಬುವುದೇ ದೊಡ್ಡ ಕೆಲಸ. ಸುಮಾರು ಎರಡು ಟನ್ ಸಗಣಿ, ಅಷ್ಟೇ ನೀರು. ನಮ್ಮ ಕೊಟ್ಟಿಗೆಯದ್ದು ಸಾಲಲಿಲ್ಲ, ಅಕ್ಕಪಕ್ಕದ ಮನೆಗಳಿಂದ ಟ್ರ್ಯಾಕ್ಟರಿನಲ್ಲಿ ತಂದೆವು. ಆಮೇಲೆ ಕಾಯಬೇಕು. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ, ಅದನ್ನು ಬಯಲಿಗೆ ಬಿಟ್ಟುಬಿಡಬೇಕು. ಮೂರು ವಾರ ಆದ ಮೇಲೆ ಒಂದು ಬೆಳಗ್ಗೆ ಒಲೆ ನೀಲಿಯಾಗಿ ಹತ್ತಿಕೊಂಡಿತು. ನಮ್ಮ ಅತ್ತೆ ಬಾಗಿಲ ಹತ್ತಿರ ನಿಂತು ಕೈಮುಗಿದರು. ಅವತ್ತು ಹಾಲು ಕಾಯಿಸಿ ಪಾಯಸ ಮಾಡಿದೆ. ರಾತ್ರಿ ಮುದ್ದೆಗೆ ಎಸರಿಟ್ಟು ಒಲೆ ಹತ್ತಿಸಿದರೆ ಗ್ಯಾಸೇ ಇಲ್ಲ. ಮಾರನೇ ದಿನ ಮತ್ತೆ ಬೆಳಗ್ಗೆ ಅರ್ಧ ಗಂಟೆ, ಸಾಯಂಕಾಲ ಸೊನ್ನೆ. ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದೆವು. ಎಲ್ಲೂ ಗುಳ್ಳೆ ಏಳಲಿಲ್ಲ. ಅಂದರೆ ತೂತು ಪೈಪಿನಲ್ಲಿಲ್ಲ, ಗುಮ್ಮಟದಲ್ಲೇ ಇದೆ. ಕಟ್ಟಿಸಿಕೊಟ್ಟವರಿಗೆ ಫೋನು ಮಾಡಿದೆವು. ಬರ್ತೀವಿ ಅಂದರು, ಬರಲಿಲ್ಲ. ಅಷ್ಟರಲ್ಲಿ ಲಾಕ್‌ಡೌನ್ ಬಂತು.

ಆ ಎರಡು ತಿಂಗಳು ನನಗೆ ತುಂಬ ಬೇಜಾರಾಗಿತ್ತು. ಬರೀ ದುಡ್ಡಿನ ಚಿಂತೆ ಅಲ್ಲ. ದಿನಾ ಸಗಣಿ ಕಲಸಿ ಹಾಕುತ್ತಿದ್ದೆ, ಅದರಲ್ಲಿ ಹುಟ್ಟಿದ ಗ್ಯಾಸು ಮಣ್ಣಿನ ಸಂದಿಯಲ್ಲಿ ಸುಮ್ನೆ ಗಾಳಿಗೆ ಹೋಗುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ಉರಿಸಿದರೆ ಅಡುಗೆ ಆಗುತ್ತದೆ. ಉರಿಸದೆ ಬಿಟ್ಟರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಹತ್ತಾರು ಪಟ್ಟು ಜೋರು. ಸೋರುವ ಗುಂಡಿ ಇಟ್ಟುಕೊಂಡು ಪರಿಸರಕ್ಕೆ ಒಳ್ಳೇದು ಮಾಡಿದ್ದೀವಿ ಅಂದುಕೊಳ್ಳುವ ಹಾಗಿಲ್ಲ.

ನಮ್ಮ ಪಕ್ಕದ ಊರಿನಲ್ಲಿ ವಯಸ್ಸಾದ ಮೇಸ್ತ್ರಿ ಒಬ್ಬರಿದ್ದಾರೆ. ಚಿಕ್ಕ ವಯಸ್ಸಿನಲ್ಲೇ ಗುಮ್ಮಟದ ಕೆಲಸ ಕಲಿತವರು. ಮನೆ ಕಟ್ಟುವ ಮೇಸ್ತ್ರಿಗಳು ಊರಿಗೆ ಹತ್ತು ಜನ ಇದ್ದಾರೆ, ಇದನ್ನು ಬಲ್ಲವರು ಅವರೊಬ್ಬರೇ. ಜೂನ್‌ನಲ್ಲಿ ಬಂದರು. ಬಂದವರೇ ‘ಅಕ್ಕಾ, ಮಣ್ಣು ಮುಚ್ಚೋಕೆ ಮುಂಚೆ ನೀರು ತುಂಬಿ ನೋಡಿದ್ರಾ?’ ಅಂದರು. ಇಲ್ಲ ಅಂದೆ. ತಲೆ ಅಲ್ಲಾಡಿಸಿ ಸನಿಕೆ ಕೇಳಿದರು.

ಗುಮ್ಮಟದ ಮೇಲಿನ ಮಣ್ಣು ತೆಗೆಸಿದರು. ಒಳಗಿದ್ದ ಬಗ್ಗಡವನ್ನೆಲ್ಲ ಹೊರಗೆ ಹಾಕಿಸಿದರು. ವಾಲ್ವು, ತೊಟ್ಟಿಯ ಬಾಯಿ ಎಲ್ಲ ತೆರೆದು ಐದು ದಿನ ಗಾಳಿಗೆ ಬಿಟ್ಟರು. ಆರನೇ ದಿನ ನಮ್ಮದೇ ಒಂದು ಕೋಳಿಯನ್ನು ಮಂಕರಿಯಲ್ಲಿಟ್ಟು, ಮಂಕರಿಯ ಬಾಯಿ ಕಟ್ಟಿ, ಹಗ್ಗದಲ್ಲಿ ಒಳಗೆ ಇಳಿಬಿಟ್ಟರು. ಕಾಲು ಗಂಟೆ ಬಿಟ್ಟು ಮೇಲೆತ್ತಿದರು. ಕೋಳಿ ರೆಕ್ಕೆ ಬಡಿದು ಕೂಗಿತು. ಆಮೇಲೇ ಅವರು ಇಳಿದದ್ದು, ಅದೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರು ಆ ಹಗ್ಗ ಹಿಡಿದು ನಿಂತು. ಇದನ್ನು ಬಿಡಿಸಿ ಬರೆಯುವುದಕ್ಕೆ ಕಾರಣ ಇದೆ. ಗೋಬರ್ ಗ್ಯಾಸ್ ಗುಂಡಿಯೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಯಾವ ಕಾರಣಕ್ಕೂ ಮನೆಯವರು ಸ್ವತಃ ಇಳಿಯಬೇಡಿ. ಗುಂಡಿಯ ಪೈಪಿನ ತುದಿಯಲ್ಲಿ ಬೆಂಕಿ ಕಡ್ಡಿ ಗೀರಿ ಪರೀಕ್ಷೆ ಮಾಡುವುದೂ ಬೇಡ. ಹತ್ತಿಸುವುದಾದರೆ ಒಲೆಯಲ್ಲಿ ಮಾತ್ರ.

ಒಳಗೆ ಹೋದವರು ಕೂಗಿ ಹೇಳಿದರು. ಗುಮ್ಮಟದ ನೆತ್ತಿಯಲ್ಲಿ, ಪೈಪು ಕೂರಿಸಿದ ಜಾಗದಿಂದ ಗೇಣುದ್ದ ಸೀಳಿತ್ತು. ಗಾರೆ ಹಸಿಯಿರುವಾಗಲೇ ಮಣ್ಣಿನ ಭಾರ ಬಿದ್ದದ್ದಕ್ಕೆ ಹಾಗಾಗಿದೆ ಅಂದರು. ಸೀಳನ್ನು ಚಾಣದಲ್ಲಿ ಅಗಲ ಮಾಡಿ ತುಂಬಿ, ಒಳಮೈಗೆಲ್ಲ ಮೂರು ಸಲ ತೆಳ್ಳಗೆ ಗಾರೆ ಹಾಕಿದರು. ಒಂದೊಂದು ಸಲಕ್ಕೂ ನಡುವೆ ಒಂದು ದಿನ ಬಿಟ್ಟು ನೀರು ಚಿಮುಕಿಸಿದರು. ಕೊನೆಗೆ ಕಪ್ಪು ಬಣ್ಣ ಬಳಿದರು. ಆಮೇಲೆ ಗುಂಡಿಗೆ ನೀರು ತುಂಬಿಸಿ, ವಾಲ್ವು ಮುಚ್ಚಿ, ಇನ್ನೂ ನೀರು ಹೊಯ್ದು ಒಳಗಿನ ಗಾಳಿ ಬಿಗಿಯುವ ಹಾಗೆ ಮಾಡಿದರು. ಹೊರಗಿನ ತೊಟ್ಟಿಯಲ್ಲಿ ನೀರು ಎಲ್ಲಿಗಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮನೆಗೆ ಹೋದರು. ಮಾರನೇ ದಿನ ಬಂದು ನೋಡಿದಾಗ ನೀರು ಗೆರೆಯಿಂದ ಒಂದು ಬೆರಳೂ ಇಳಿದಿರಲಿಲ್ಲ. ಆಮೇಲೇ ಮಣ್ಣು. ಇಷ್ಟಕ್ಕೆ ಆದದ್ದು 6,000 ರೂಪಾಯಿ. ಅವತ್ತಿನಿಂದ ಇವತ್ತಿನವರೆಗೆ ಗುಮ್ಮಟ ಒಂದು ದಿನ ಕೈಕೊಟ್ಟಿಲ್ಲ.

ಈಗ ದಿನದ ಲೆಕ್ಕ. ಎರಡು ಘನ ಮೀಟರಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು, ಅಷ್ಟೇ ಅಳತೆ ನೀರು. ಕಟ್ಟಿ ಮೇಯಿಸುವ ಸೀಮೆ ಹಸು ಎರಡು, ಕಡಸು ಒಂದು ಇದ್ದರೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ನಾಟಿ ಹಸು ಬಯಲಿಗೆ ಮೇಯಲು ಹೋದರೆ ಅರ್ಧ ಸಗಣಿ ಬೀಳುವುದು ಹೊರಗೇ. ಬೆಳಗ್ಗೆ ಹಾಲು ಕರೆದು, ಕೊಟ್ಟಿಗೆ ಬಾಚಿ, ಸಗಣಿಯನ್ನು ತೊಟ್ಟಿಗೆ ಹಾಕುತ್ತೇನೆ. ಹಸು ಮೈತೊಳೆದ ನೀರು, ಗಂಜಲ ಅದಕ್ಕೇ ಬರುವ ಹಾಗೆ ಕಾಲುವೆ ಮಾಡಿದ್ದೇವೆ. ಹಾಗಾಗಿ ಬೋರಿನ ನೀರು ಎರಡು ಕೊಡದ ಮೇಲೆ ಬೇಕಾಗುವುದಿಲ್ಲ. ಕೈಯಲ್ಲಿ ಕಲಸಿ ಹುಲ್ಲು, ಜೋಳದ ದಂಟಿನ ಚೂರು, ಕಲ್ಲು ಆಯ್ದು ತೆಗೆಯಬೇಕು. ಅದು ಒಳಗೆ ಹೋದರೆ ಮೇಲೆ ತೇಲಿ ಕೆನೆಗಟ್ಟುತ್ತದೆ, ಗ್ಯಾಸ್ ಬರುವುದು ಕಡಿಮೆಯಾಗುತ್ತದೆ. ಗಂಟಿಲ್ಲದೆ ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಬಿರಟೆ ಎತ್ತುತ್ತೇನೆ. ‘ಗುಳುಗುಳು’ ಅಂತ ಇಳಿದು ಹೋಗುತ್ತದೆ. ಎಲ್ಲ ಸೇರಿ 35 ನಿಮಿಷ.

ಆ 35 ನಿಮಿಷ ಯಾರದ್ದು ಅನ್ನುವುದು ಮುಖ್ಯ. ಮುಂಚೆ ಸಗಣಿಯನ್ನು ತಿಪ್ಪೆಗೆ ಹಾಕಿದರೆ ಮುಗಿಯುತ್ತಿತ್ತು. ಈಗ ಕಲಸುವ ಕೆಲಸ ಹೊಸದಾಗಿ ಬಂತು. ಮೊದಲ ಆರು ತಿಂಗಳು ಅದೂ ನನ್ನ ತಲೆಗೇ ಬಿತ್ತು. ಸೌದೆ ಹೊರುವುದು ತಪ್ಪಿತಲ್ಲ ಅಂತ ಎಲ್ಲರೂ ಅಂದರು. ತಪ್ಪಿದ್ದು ನಿಜ. ಆದರೆ ಗ್ಯಾಸು ಮನೆಯವರೆಲ್ಲರದ್ದು, ಕೆಲಸ ಮಾತ್ರ ಒಬ್ಬಳದ್ದೇ ಅಂದರೆ ನ್ಯಾಯ ಅಲ್ಲ. ಕೂತು ಮಾತಾಡಿದೆವು. ಈಗ ನಾನು ಡೈರಿಗೆ ಹೋಗುವ ದಿನ ನಮ್ಮ ಯಜಮಾನರು ಕಲಸುತ್ತಾರೆ. ಭಾನುವಾರ ಮಗ. ಯಾರಾದರೂ ಇದನ್ನು ಕಟ್ಟಿಸುವ ಯೋಚನೆ ಮಾಡಿದರೆ, ಬೆಳಗ್ಗೆ ಯಾರು ಕಲಸುತ್ತಾರೆ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಮುಚ್ಚಿಹೋದ ಗುಂಡಿಗಳನ್ನು ನಮ್ಮ ಸುತ್ತಮುತ್ತ ಎಷ್ಟೋ ನೋಡಿದ್ದೇನೆ. ಅದರಲ್ಲಿ ಹಾಳಾಗಿ ನಿಂತವು ಕಡಿಮೆ, ಕಲಸುವವರಿಲ್ಲದೆ ನಿಂತವೇ ಜಾಸ್ತಿ.

ಉರಿಯ ವಿಷಯಕ್ಕೆ ಬರೋಣ. ಬೇಸಿಗೆಯಲ್ಲಿ ಒಂದು ಒಲೆ ಮೂರೂವರೆ ಗಂಟೆ ಉರಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಚಳಿಗೆ ಎರಡೂವರೆ ಗಂಟೆಗೆ ಇಳಿಯುತ್ತದೆ. ಸಗಣಿ ಕೊಳೆಯಿಸುವ ಸೂಕ್ಷ್ಮಜೀವಿಗಳು ಚಳಿಯಲ್ಲಿ ನಿಧಾನ. ಬೆಳಗಿನ ಕಾಫಿ, ತಿಂಡಿ, ಮಧ್ಯಾಹ್ನದ ಸಾರು, ರಾತ್ರಿ ಮುದ್ದೆ ಎಲ್ಲ ಇದರಲ್ಲೇ ಆಗುತ್ತದೆ. ನೆಂಟರು ಬಂದರೆ, ಹಬ್ಬಕ್ಕೆ ಒಬ್ಬಟ್ಟು ಮಾಡಿದರೆ ಸಿಲಿಂಡರ್ ಬೇಕು. ಉರಿ ಸಿಲಿಂಡರಿನಷ್ಟು ಜೋರಿಲ್ಲ. ಐದು ಜನರ ಮುದ್ದೆಗೆ ಎಸರು ಕುದಿಯಲು ಸಿಲಿಂಡರಿನಲ್ಲಿ 10 ನಿಮಿಷ, ಇದರಲ್ಲಿ 14. ಸಿಲಿಂಡರಿನ ಒಲೆಯನ್ನೇ ಇದಕ್ಕೆ ಜೋಡಿಸಿದರೆ ಉರಿ ಬರುವುದಿಲ್ಲ. ಗ್ಯಾಸಿನ ಒತ್ತಡ ಕಡಿಮೆ, ಹಾಗಾಗಿ ತೂತು ದೊಡ್ಡದಿರುವ ಬೇರೆ ಒಲೆಯೇ ಬೇಕು.

ಮುದ್ದೆ ತೊಳಸುವುದು ಮೊದಲು ಕಷ್ಟವಾಯಿತು. ಗುಂಡಿ ಕಟ್ಟಿಸಿಕೊಟ್ಟವರು ಕೊಟ್ಟ ಒಲೆ ತುಂಬ ಹಗುರ. ಕೋಲು ಹಾಕಿ ತಿರುವಿದರೆ ಪಾತ್ರೆಯ ಜೊತೆ ಒಲೆಯೂ ತಿರುಗುತ್ತಿತ್ತು. ಎತ್ತರದ ಕಟ್ಟೆಯ ಮೇಲೆ ನಿಂತು ತೊಳಸುವುದಕ್ಕೆ ರಟ್ಟೆಗೆ ಬಲವೂ ಸಿಗಲ್ಲ. ಕೊನೆಗೆ ನೆಲದಿಂದ ಒಂದು ಅಡಿ ಎತ್ತರಕ್ಕೆ ಚಪ್ಪಡಿ ಕಲ್ಲು ಹಾಕಿ, ಒಲೆಯ ಕಾಲುಗಳನ್ನು ಅದಕ್ಕೆ ಬಿಗಿ ಮಾಡಿಸಿದೆವು. ಈಗ ಮಣೆ ಮೇಲೆ ಕೂತು, ಕವೆಗೋಲಿನಲ್ಲಿ ಪಾತ್ರೆ ಒತ್ತಿ ಹಿಡಿದು, ಹಳೇ ಒಲೆಯಲ್ಲಿ ತೊಳಸಿದ ಹಾಗೇ ತೊಳಸುತ್ತೇನೆ. ಮುದ್ದೆ ಗಂಟಾಗುವುದಿಲ್ಲ. ಒಲೆ ಮಾಡುವವರು ನಮ್ಮ ಕಡೆಯ ಅಡುಗೆ ಒಂದು ಸಲ ನೋಡಿ ಮಾಡಿದ್ದರೆ ಇಷ್ಟು ಪಾಡು ಇರುತ್ತಿರಲಿಲ್ಲ.

ಹೊಗೆ ಇಲ್ಲದ ಅಡುಗೆ ಅಂದರೆ ಏನು ಅಂತ ನಮ್ಮ ಅತ್ತೆಯನ್ನು ಕೇಳಬೇಕು. ನಲವತ್ತು ವರ್ಷ ತೆಂಗಿನ ಮಟ್ಟೆ, ಸೋಗೆ ಉರಿಸಿ ಬೇಯಿಸಿದವರು. ಕಣ್ಣು ಯಾವಾಗಲೂ ಕೆಂಪು, ಬೆಳಗ್ಗೆ ಎದ್ದರೆ ಕೆಮ್ಮು. ಈಗ ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತಾರೆ. ‘ಅಮ್ಮಣ್ಣಿ, ಗೋಡೆ ಬೆಳ್ಳಗೇ ಐತೆ ನೋಡು’ ಅಂತ ಸುಣ್ಣ ಬಳಿದ ಎರಡನೇ ವರ್ಷವೂ ಹೇಳಿದರು. ಅಡುಗೆಮನೆಯ ಗೋಡೆ ಬೆಳ್ಳಗೆ ಉಳಿದದ್ದು ಅವರು ನೋಡಿದ್ದು ಅದೇ ಮೊದಲು.

ಅವರಿಗೆ ಒಂದೇ ಒಂದು ಚಿಂತೆ ಇತ್ತು, ಅದು ನ್ಯಾಯವಾದದ್ದು. ನಮ್ಮಲ್ಲಿ ಉಂಡೆ ಕೊಬ್ಬರಿಗೆ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಕಿಡುತ್ತೇವೆ. ಕೆಳಗಿನ ಒಲೆಯ ಹೊಗೆ, ಬಿಸಿ ಅಟ್ಟಕ್ಕೆ ತಾಗುತ್ತಿತ್ತು. ಹೊಗೆಯೇ ಇಲ್ಲದಿದ್ದರೆ ಮಳೆಗಾಲದಲ್ಲಿ ಕಾಯಿ ಕೆಡಲ್ವಾ? ಹಾಗಾಗಿ ಸ್ನಾನದ ನೀರು ಕಾಯಿಸುವ ಹಂಡೆ ಒಲೆಯನ್ನು ಅಟ್ಟದ ಕೆಳಗೇ ಉಳಿಸಿಕೊಂಡೆವು. ಸೋಗೆ, ಮಟ್ಟೆಯ ಚೂರುಗಳನ್ನು ಅದಕ್ಕೆ ಹಾಕುತ್ತೇವೆ. ನಾಲ್ಕು ವರ್ಷದಲ್ಲಿ ಕೊಬ್ಬರಿಗೆ ಏನೂ ತೊಂದರೆ ಆಗಿಲ್ಲ. ಸೌದೆ ಪೂರ್ತಿ ನಿಂತಿತು ಅಂತ ನಾನು ಹೇಳುವುದಿಲ್ಲ. ಅಡುಗೆಗೆ ನಿಂತಿತು.

ನಮ್ಮ ತಾಲ್ಲೂಕಿಗೆ ಇದು ಹೊಸದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ‘ಅಸ್ತ್ರ’ ಅಂತ ಒಂದು ವಿಭಾಗ ಮಾಡಿದರು, ಹಳ್ಳಿಗೆ ಬೇಕಾದ ವಿಜ್ಞಾನದ ಕೆಲಸಕ್ಕೆ ಅಂತಲೇ. ಪ್ರೊ. ಎ.ಕೆ.ಎನ್. ರೆಡ್ಡಿ ಅದರ ಹಿಂದೆ ಇದ್ದವರು. ಇಲ್ಲೇ ಉಂಗ್ರದಲ್ಲಿ ಅದರ ಕೇಂದ್ರ ಇತ್ತು. ಕಡಿಮೆ ಸೌದೆಯಲ್ಲಿ ಜಾಸ್ತಿ ಉರಿ ಕೊಡುವ, ಹೊಗೆ ಕೊಳವೆಯ ಅಸ್ತ್ರ ಒಲೆ ಎಷ್ಟೋ ಮನೆಗಳಿಗೆ ಬಂದದ್ದು ಅವರಿಂದ. ನಮ್ಮ ತವರಿನಲ್ಲಿ ಅಮ್ಮ ಆ ಮೂರು ಗುಂಡಿಯ ಒಲೆಯಲ್ಲೇ ಬೇಯಿಸುತ್ತಿದ್ದಳು. ಅಸ್ತ್ರದವರೇ ಪುರ ಅನ್ನುವ ಊರಿನಲ್ಲಿ ಇಡೀ ಊರಿಗೆ ಸೇರಿ ಒಂದು ಗೋಬರ್ ಗ್ಯಾಸ್ ಮಾಡಿದರು. ಮೊದಲು ಎಲ್ಲ ಮನೆಯ ಅಡುಗೆಗೆ ಅಂತ ಶುರುವಾದದ್ದು. ಅಷ್ಟು ಗ್ಯಾಸಿಗೆ ಸಗಣಿ ಸಾಲಲಿಲ್ಲ. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕೊಳಾಯಿಗೆ ನೀರು ಕೊಟ್ಟರು. ಸಗಣಿ ತಂದು ಹಾಕಿದ ಮನೆಗೆ ಬಗ್ಗಡ ವಾಪಸ್ ಸಿಗುತ್ತಿತ್ತು, ತಂದು ಹಾಕಿದ್ದಕ್ಕೆ ಸ್ವಲ್ಪ ದುಡ್ಡೂ ಕೊಡುತ್ತಿದ್ದರು. ಇದು ನನಗೆ ತುಂಬ ಹಿಡಿಸಿದ ವಿಷಯ. ಸಗಣಿ ಕೊಟ್ಟವರಿಗೆ ಗೊಬ್ಬರ ತಪ್ಪಬಾರದು ಅನ್ನುವುದು ಅವತ್ತೇ ಅವರಿಗೆ ಅರ್ಥವಾಗಿತ್ತು.

ನಾನು ಅದನ್ನು ಕಲಿತದ್ದು 2022ರಲ್ಲಿ. ಚರ್ಮಗಂಟು ರೋಗಕ್ಕೆ ನಮ್ಮ ದೊಡ್ಡ ಹಸು ಹೋಯಿತು. ಎಂಟು ವರ್ಷ ಸಾಕಿದ್ದ ಹಸು. ಒಂದು ವಾರ ಯಾರಿಗೂ ಊಟ ಸೇರಲಿಲ್ಲ. ಹಾಲೂ ಇಲ್ಲ, ಗ್ಯಾಸೂ ಅರ್ಧಕ್ಕೆ ಇಳಿಯಿತು. ಆಗ ಎದುರು ಮನೆಯವರು ದಿನಾ ಎರಡು ಮಂಕರಿ ಸಗಣಿ ಕೊಟ್ಟರು. ನಾವು ಅವರಿಗೆ ಬಗ್ಗಡ ಕೊಟ್ಟೆವು. ಹೊಸ ಹಸು ಬರುವವರೆಗೆ ನಾಲ್ಕು ತಿಂಗಳು ಹೀಗೇ ನಡೆಯಿತು. ಆಮೇಲೆ ಅವರು ‘ಸಗಣಿ ತಗೊಳ್ಳಿ, ಬಗ್ಗಡ ಕೊಡೋದು ಮಾತ್ರ ನಿಲ್ಲಿಸಬೇಡಿ’ ಅಂದರು.

ಯಾಕೆ ಅಂದರೆ ಬಗ್ಗಡ ಅಂಥ ಗೊಬ್ಬರ. ಗ್ಯಾಸಿಗಿಂತ ಇದರಿಂದಲೇ ನಮಗೆ ಲಾಭ ಜಾಸ್ತಿ ಅನ್ನಿಸಿದೆ. ತಿಪ್ಪೆಯಲ್ಲಿ ವರ್ಷವಿಡೀ ಬಿಸಿಲು ಮಳೆಗೆ ಬಿದ್ದ ಗೊಬ್ಬರದಲ್ಲಿ ಸಾರ ಅರ್ಧ ಹೋಗಿರುತ್ತದೆ. ಗುಂಡಿಯಲ್ಲಿ ಮುಚ್ಚಿ ಕೊಳೆತದ್ದರಲ್ಲಿ ಸಾರಜನಕ ಉಳಿದಿರುತ್ತದೆ, ಕಳೆ ಬೀಜವೂ ಹೆಚ್ಚಿನದು ಸತ್ತಿರುತ್ತದೆ. ದಿನಕ್ಕೆ ಸುಮಾರು 100 ಲೀಟರ್ ಬಗ್ಗಡ ಹೊರಬರುತ್ತದೆ. ಮರಕ್ಕೆ 25 ಲೀಟರಿನಂತೆ ದಿನಕ್ಕೆ ನಾಲ್ಕು ಮರ. ಹೀಗೆ ಸುತ್ತು ಬಂದರೆ ತಿಂಗಳಿಗೊಮ್ಮೆ ಎಲ್ಲ ಮರಕ್ಕೂ ಸರದಿ ಬರುತ್ತದೆ. ಹತ್ತಿರದ ಸಾಲಿಗೆ ಕಾಲುವೆಯಲ್ಲೇ ಹರಿಯುತ್ತದೆ. ದೂರದ್ದಕ್ಕೆ ತಳ್ಳುಗಾಡಿಯಲ್ಲಿ ಡ್ರಮ್ಮು ಇಟ್ಟು ಒಯ್ಯಬೇಕು. ಒಣಗಿಸಿ ಮೂಟೆ ಕಟ್ಟೋಣ ಅಂತ ಒಮ್ಮೆ ಮಾಡಿದೆವು. ಒಣಗಿಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ, ಹಸಿಯಾಗೇ ಹಾಕಿ ಮಣ್ಣು ಮುಚ್ಚುವುದು ಒಳ್ಳೇದು. ಮಳೆಗಾಲದಲ್ಲಿ ಮಾತ್ರ ತರಗು, ಸೊಪ್ಪಿನ ಜೊತೆ ಗೊಬ್ಬರದ ಗುಂಡಿಗೆ ಬಿಟ್ಟು ರಾಗಿ ಹೊಲಕ್ಕೆ ಇಟ್ಟುಕೊಳ್ಳುತ್ತೇವೆ.

ತೆಂಗು ಇರುವವರಿಗೆ ಇನ್ನೊಂದು ಲಾಭ ಇದೆ, ಅದನ್ನು ಯಾರೂ ಹೇಳುವುದಿಲ್ಲ. ತಿಪ್ಪೆ ಕೆದಕಿದಾಗ ಬೆಳ್ಳಗೆ ದಪ್ಪ ಗೊಬ್ಬರದ ಹುಳ ಸುರುಳಿ ಸುತ್ತಿಕೊಂಡು ಬಿದ್ದಿರುತ್ತವೆ ಅಲ್ವಾ? ಅವುಗಳಲ್ಲಿ ಕೆಲವು ಬೆಳೆದು, ಕೊಂಬಿನ ಕಪ್ಪು ದುಂಬಿಯಾಗಿ ತೆಂಗಿನ ಸುಳಿ ಕೊರೆಯುತ್ತವೆ. ಆಮೇಲೆ ಬಿಚ್ಚಿಕೊಂಡ ಗರಿಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ. ತೋಟದ ಪಕ್ಕ ತಿಪ್ಪೆ ಇಟ್ಟುಕೊಂಡರೆ ದುಂಬಿಗೆ ನಾವೇ ಬಾಣಂತಿಮನೆ ಕಟ್ಟಿಕೊಟ್ಟ ಹಾಗೆ. ಸಗಣಿ ಗುಂಡಿಗೆ ಹೋಗಲು ಶುರುವಾದ ಮೇಲೆ ನಮ್ಮ ತಿಪ್ಪೆಯೇ ಕರಗಿತು. ಹೋದ ವರ್ಷ ಕತ್ತರಿ ಗರಿ ಎಣಿಸಿದೆ. ಹಿತ್ತಲ ಕಡೆಯ 30 ಮರದಲ್ಲಿ ನಾಲ್ಕರಲ್ಲಿ ಮಾತ್ರ ಇತ್ತು. ಮುಂಚೆ ಅರ್ಧಕ್ಕರ್ಧ ಇರುತ್ತಿತ್ತು.

ದುಡ್ಡಿನಲ್ಲಿ ಹೇಳುವುದಾದರೆ ಹೀಗೆ. ಮುಂಚೆ ಸೌದೆಯ ಜೊತೆಗೇ ವರ್ಷಕ್ಕೆ ಎಂಟು ಸಿಲಿಂಡರ್ ಬೇಕಿತ್ತು, ಈಗ ಎರಡು. ಒಂದಕ್ಕೆ ಸಾವಿರದ ಆಸುಪಾಸು ಹಿಡಿದರೆ ಆರು ಸಾವಿರ ಉಳಿಯಿತು. ಡಿಎಪಿ ಗೊಬ್ಬರ ವರ್ಷಕ್ಕೆ ಆರು ಮೂಟೆ ತರುತ್ತಿದ್ದೆವು, ಈಗ ಎರಡು. ಮೂಟೆಗೆ 1,350ರಂತೆ 5,400. ಮೂರನೆಯದು ನಾವು ಎಣಿಸಿಯೇ ಇರಲಿಲ್ಲ. ಮುಂಚೆ ಒಲೆಗೆ ಹೋಗುತ್ತಿದ್ದ ಕರಟ ಈಗ ಮೂಟೆಯಲ್ಲಿ ಉಳಿಯುತ್ತದೆ. ಇದ್ದಿಲು ಮಾಡುವವರು ಮನೆ ಬಾಗಿಲಿಗೇ ಬಂದು ತೂಕಕ್ಕೆ ಕೊಳ್ಳುತ್ತಾರೆ. ಹೋದ ವರ್ಷ ಅದರಿಂದ ನಾಲ್ಕು ಸಾವಿರದ ಹತ್ತಿರ ಬಂತು. ಆ ದುಡ್ಡು ನನ್ನ ಸಂಘದ ಪುಸ್ತಕಕ್ಕೆ ಹೋಗುತ್ತದೆ, ಅದಕ್ಕೆ ಬೇರೆ ಯಾರೂ ಕೈ ಹಾಕುವುದಿಲ್ಲ. ಒಟ್ಟು 15,000 ಮೇಲೆ. ಸಹಾಯಧನ ಕಳೆದು, ರಿಪೇರಿ ಸೇರಿಸಿ ನಾವು ಹಾಕಿದ್ದು 41,000. ಮೂರು ವರ್ಷ ತುಂಬುವ ಮುಂಚೆ ವಾಪಸ್ ಬಂತು.

ಕಿರಿಕಿರಿಗಳೂ ಇವೆ. ಪೈಪಿನಲ್ಲಿ ನೀರು ಕಟ್ಟುತ್ತದೆ. ಉರಿ ಕುಣಿಯಲು ಶುರುವಾದರೆ ಅದೇ ಗುರುತು, ತಗ್ಗಿನಲ್ಲಿರುವ ತಿರುಪು ಬಿಚ್ಚಿ ನೀರು ಇಳಿಸಬೇಕು. ಗ್ಯಾಸಿನಲ್ಲಿ ಗಂಧಕದ ಅಂಶ ಇರುವುದರಿಂದ ಒಲೆಯ ತಗಡು ಎರಡೇ ವರ್ಷಕ್ಕೆ ತುಕ್ಕು ಹಿಡಿದು ಉದುರಿತು. ಎರಡನೇ ಒಲೆ 1,800 ಕೊಟ್ಟು ತಂದೆ. ಕೊಟ್ಟಿಗೆ ತೊಳೆಯಲು ಫಿನಾಯಿಲ್ ಬಳಸಿದರೆ ಆ ನೀರು ಗುಂಡಿಗೆ ಹೋಗಬಾರದು. ಒಮ್ಮೆ ಹಸುವಿಗೆ ಕೆಚ್ಚಲು ಬಾವು ಆಗಿ ಇಂಜೆಕ್ಷನ್ ಕೊಡಿಸಿದಾಗ ಗ್ಯಾಸ್ ಏಕಾಏಕಿ ಕಡಿಮೆಯಾಯಿತು. ಆ ಔಷಧಿ ಸಗಣಿಯಲ್ಲೂ ಬಂದು ಗುಂಡಿಯ ಜೀವಿಗಳನ್ನು ಕೊಲ್ಲುತ್ತದೆ ಅಂತ ಪಶುವೈದ್ಯರು ಹೇಳಿದರು. ಈಗ ಚಿಕಿತ್ಸೆ ನಡೆಯುವಷ್ಟು ದಿನ ಆ ಹಸುವಿನ ಸಗಣಿ ಬೇರೆ ಹಾಕುತ್ತೇವೆ.

ಬಲೂನಿನ ಹಾಗೆ ಉಬ್ಬುವ ರೆಡಿಮೇಡ್ ಗೋಬರ್ ಗ್ಯಾಸ್‌ಗಳೂ ಬಂದಿವೆ. ಒಂದೇ ದಿನದಲ್ಲಿ ಕೂರಿಸಬಹುದು. ನಮ್ಮ ಊರಿನಲ್ಲಿ ಒಬ್ಬರು ಹಾಕಿಸಿದರು. ಒಂದೂವರೆ ವರ್ಷಕ್ಕೆ ಇಲಿ ಕಡಿದು ತೂತಾಯಿತು. ತೇಪೆ ಹಾಕಿದರೂ ನಿಲ್ಲಲಿಲ್ಲ. ಜಾಗ ಬಿಟ್ಟು ಹೋಗುವ ಬಾಡಿಗೆ ಮನೆಯವರಿಗೆ ಅದು ಸರಿಯಿರಬಹುದು. ಸ್ವಂತ ಕೊಟ್ಟಿಗೆ ಇದ್ದರೆ ನಾನು ಇಟ್ಟಿಗೆಯದ್ದನ್ನೇ ಕಟ್ಟಿಸಿ ಅನ್ನುತ್ತೇನೆ. ಒಂದೇ ಹಸು ಇರುವವರು, ಮುಂದಿನ ವರ್ಷ ಹಸು ಮಾರುವ ಯೋಚನೆ ಇರುವವರು ಎರಡು ಘನ ಮೀಟರಿಗೆ ಕೈ ಹಾಕಬೇಡಿ. ದೊಡ್ಡದು ಕಟ್ಟಿಸಿ ಅರೆಹೊಟ್ಟೆ ಇಟ್ಟರೆ ಯಾವ ಕಾಲಕ್ಕೂ ಗ್ಯಾಸ್ ಸಾಲುವುದಿಲ್ಲ.

ತುರುವೇಕೆರೆಯಲ್ಲಿರುವ ನಮ್ಮ ನಾದಿನಿ ಎರಡು ವರ್ಷದಿಂದ ನೋಡಿ ನೋಡಿ, ಈಗ ಅವರೂ ಕಟ್ಟಿಸುತ್ತಿದ್ದಾರೆ. ಗುಂಡಿ ಅಗೆದಾಗಿದೆ. ನಮ್ಮ ಪಕ್ಕದೂರಿನ ಮೇಸ್ತ್ರಿಗೆ ಮಂಡಿ ನೋವು, ಮೊದಲಿನ ಹಾಗೆ ಇಳಿದು ಹತ್ತಲು ಆಗಲ್ಲ. ಆದರೂ ಬರುತ್ತೇನೆ ಅಂದಿದ್ದಾರೆ. ತಮ್ಮ ಅಣ್ಣನ ಮಗನನ್ನು ಜೊತೆಗೆ ಕರೆತರುತ್ತಾರಂತೆ, ಹುಡುಗ ಕಲಿತುಕೊಳ್ಳಲಿ ಅಂತ. ಮುಂದಿನ ಬುಧವಾರ ಗುಮ್ಮಟಕ್ಕೆ ಕೊನೆಯ ಗಾರೆ. ಅದು ಆರಿದ ಮೇಲೆ ನೀರು ತುಂಬಿಸುತ್ತಾರೆ. ಅವತ್ತು ನಾನೂ ಹೋಗುತ್ತಿದ್ದೇನೆ. ತೊಟ್ಟಿಯಲ್ಲಿ ಗೆರೆ ಎಳೆಯಲು ಸೀಮೆಸುಣ್ಣದ ಕಡ್ಡಿ ಈಗಲೇ ಚೀಲಕ್ಕೆ ಹಾಕಿಟ್ಟುಕೊಂಡಿದ್ದೇನೆ.